ಇಬ್ಬರು ಗಂಡಸರ ಪ್ರೇಮಕಥೆ ಸುಖಾಂತವಾದರೆ ಯಾರಿಗೇನು ಕಷ್ಟ?

ನಾನು ತುಮಕೂರಿನವನು, ಈಗ ಇರುವುದು ಬ್ಯಾಂಕಾಕಿನಲ್ಲಿ. ಇಲ್ಲಿನ ದೊಡ್ಡ ಪುಸ್ತಕದಂಗಡಿಗಳಲ್ಲಿ ‘ವೈ’ ಕಾದಂಬರಿಗಳಿಗೆ ಅಂತಲೇ ಕಪಾಟು ಇರುತ್ತದೆ. ವೈ ಅಂದರೆ ಹುಡುಗ ಹುಡುಗನನ್ನು ಪ್ರೀತಿಸುವ ಕಥೆ, ಜಪಾನಿನ ಯಾವೋಯಿ ಕಾಮಿಕ್ಸ್‌ನಿಂದ ಬಂದ ಹೆಸರು. ಹೊಳೆಯುವ ಮುಖಪುಟ, ಪ್ಲಾಸ್ಟಿಕ್ ಸುತ್ತು, ಕೆಲವದರ ಮೇಲೆ 18+ ಅನ್ನುವ ಗುರುತು. ಕೊಳ್ಳುವವರು ಯಾರು ಅಂದುಕೊಂಡಿರಿ? ಜಾಸ್ತಿ ಹುಡುಗಿಯರು, ಆಫೀಸಿಗೆ ಹೋಗುವ ಹೆಂಗಸರು. ಬರೆಯುವವರಲ್ಲೂ ಅವರೇ ಹೆಚ್ಚು.

ನಮ್ಮ ಪ್ರಕಾಶಕರ ಲೆಕ್ಕ ಬೇರೆ. ಗೇ ಪ್ರೇಮಕಥೆ ಓದುವವರು ಗೇ ಗಂಡಸರು ಮಾತ್ರ, ಅವರು ಎಷ್ಟು ಜನ ಇದ್ದಾರು, ಇದ್ದರೂ ಅಂಗಡಿಗೆ ಬಂದು ಬಾಯಿಬಿಟ್ಟು ಕೇಳ್ತಾರಾ ಅಂತ. ನನ್ನದೊಂದು ಕಾದಂಬರಿಯನ್ನು ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ತುಮಕೂರಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಇಬ್ಬರ ಕಥೆ, ಕೊನೆಗೆ ಕ್ಯಾತಸಂದ್ರದಲ್ಲಿ ಮನೆ ಮಾಡಿಕೊಂಡು ನೆಮ್ಮದಿಯಾಗಿ ಇರ್ತಾರೆ. ಚೆನ್ನಾಗಿದೆ ಅಂದರು. ಆಮೇಲೆ, ‘ಕೊನೆ ಯಾರೂ ನಂಬಲ್ಲ ಕಣ್ರೀ, ಒಬ್ಬನನ್ನಾದ್ರೂ ದೂರ ಕಳಿಸಿ’ ಅಂದರು. ಎಷ್ಟು ದೂರ ಅಂತ ನಾನು ಕೇಳಲಿಲ್ಲ, ಸಾಯಿಸಿ ಅನ್ನೋದನ್ನೇ ಮರ್ಯಾದೆಯಿಂದ ಹೇಳಿದ್ದರು.

ನಂಬೋದೇ ಪ್ರಶ್ನೆ ಆಗಿದ್ದರೆ ನಮ್ಮಮ್ಮನ ಕಾಲದ ಅರ್ಧ ಕಾದಂಬರಿಗಳು ಅಚ್ಚೇ ಆಗುತ್ತಿರಲಿಲ್ಲ. ಎಸ್ಟೇಟ್ ಮಾಲೀಕ ಬಡ ಟೈಪಿಸ್ಟನ್ನು ಮದುವೆ ಆಗುತ್ತಾನೆ ಅಂದಾಗ ಯಾರೂ ತಕರಾರು ಮಾಡಲಿಲ್ಲ. ವಾರಪತ್ರಿಕೆಯ ಧಾರಾವಾಹಿಗೆ ಕಾದು, ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕದಲ್ಲಿ ಹರಿದುಹೋದ ಕೊನೇ ಪುಟವನ್ನು ಪಕ್ಕದ ಮನೆಯವರ ಬಾಯಲ್ಲಿ ಕೇಳಿ ತಿಳಿದುಕೊಂಡ ಹೆಂಗಸರು ನಮ್ಮ ಊರಲ್ಲಿ ಬೀದಿಗೆ ಹತ್ತು ಜನ ಇದ್ದರು. ಅವರಿಗೆ ಬೇಕಾಗಿದ್ದದ್ದು ಒಂದು ಒಳ್ಳೆ ಪ್ರೇಮ, ಒಂದಿಷ್ಟು ಅಡ್ಡಿ, ಕೊನೆಗೆ ಸುಖ. ಅವರ ಹೆಣ್ಣುಮಕ್ಕಳೇ ನನ್ನ ಓದುಗರು ಅಂತ ನನ್ನ ಗಟ್ಟಿ ನಂಬಿಕೆ.

ಕನ್ನಡದಲ್ಲಿ ಏನೂ ಇಲ್ಲ ಅಂತಲ್ಲ. ಗೇ ನಾಯಕನ ಕಥೆಗಳಿರುವ ವಸುಧೇಂದ್ರ ಅವರ ಸಂಕಲನ ‘ಮೋಹನಸ್ವಾಮಿ’ 2013ರಲ್ಲೇ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಸೆಕ್ಷನ್ ಸರಿ ಅಂತ ತೀರ್ಪು ಕೊಟ್ಟಿತು ಅನ್ನೋದು ನೆನಪಿದ್ದರೆ ಆ ಧೈರ್ಯ ಎಂಥದ್ದು ಅಂತ ಗೊತ್ತಾಗುತ್ತೆ. ಆದರೆ ಅದು ಗಂಭೀರ ಸಾಹಿತ್ಯ. ನಾನು ಕೇಳುತ್ತಿರೋದು ಬಸ್ಸಲ್ಲಿ ಕೂತು ಓದಿ ಮುಗಿಸೋ ಪ್ರೇಮಕಥೆ. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂದಿತು. ಅದಾದ ಮೇಲೂ ಅಂಥ ಕಥೆಗಳಿಗೆ ಕಪಾಟು ಬರಲಿಲ್ಲ. ಥಾಯ್ಲೆಂಡಿನಲ್ಲಿ ಸಲಿಂಗ ಮದುವೆ ಕಾನೂನು ಜಾರಿಗೆ ಬಂದದ್ದು 2025ರ ಜನವರಿ 23ಕ್ಕೆ, ಕಪಾಟು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ತುಂಬಿತ್ತು.

ಹಾಗಂತ ಇಲ್ಲಿನದ್ದೆಲ್ಲ ಚಿನ್ನ ಅಲ್ಲ. ಎಷ್ಟೋ ವೈ ಕಾದಂಬರಿಗಳಲ್ಲಿ ಒಬ್ಬ ಗಂಡ, ಇನ್ನೊಬ್ಬ ಹೆಂಡತಿ ಅಂತ ಮೊದಲ ಅಧ್ಯಾಯದಲ್ಲೇ ಪಾತ್ರ ಹಂಚಿಬಿಡುತ್ತಾರೆ. ಬಲವಂತವನ್ನೇ ಪ್ರೀತಿ ಅಂತ ತೋರಿಸೋದೂ ಉಂಟು. ಅದು ನಮಗೆ ಬೇಡ. ಇನ್ನೊಂದು ತಮಾಷೆ, ಇಲ್ಲಿ ನಾಯಕ ಮಾತೆತ್ತಿದರೆ ಎಂಜಿನಿಯರಿಂಗ್ ವಿದ್ಯಾರ್ಥಿ! ಆ ಸರಕಿಗೆ ತುಮಕೂರಿನಲ್ಲಿ ಕೊರತೆಯೇ?

ನಿಜಕ್ಕೂ ನಮ್ಮ ಊರು ಇಂಥ ಕಥೆಗೆ ಹೇಳಿ ಮಾಡಿಸಿದ ಹಾಗಿದೆ. ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ಸಿದ್ಧಗಂಗೆ ಜಾತ್ರೆ ಸುತ್ತಲಿ, ಒಂದೇ ಬೈಕಲ್ಲಿ ದೇವರಾಯನದುರ್ಗ ಹತ್ತಲಿ, ಒಂದೇ ರೂಮಲ್ಲಿ ವರ್ಷಗಟ್ಟಲೆ ಇರಲಿ, ಯಾರೂ ತಿರುಗಿ ನೋಡಲ್ಲ. ಮೂವತ್ತು ದಾಟಿದ ಮೇಲೂ ಹಾಗೇ ಇದ್ದರೆ ಶುರು. ಅತ್ತೆ ಜಾತಕ ಕೇಳ್ತಾಳೆ, ಮನೆ ಓನರು ‘ಫ್ಯಾಮಿಲಿ ಯಾವಾಗ ಬರ್ತಾರೆ’ ಅಂತಾನೆ. ಬ್ಯಾಂಕಾಕಿನ ಲೇಖಕಿಯರು ಅಡ್ಡಿ ಹುಡುಕಿ ತರಬೇಕು, ನಮಗೆ ಮನೆಬಾಗಿಲಲ್ಲೇ ಸಿಗುತ್ತೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ಬರೆಯುವವರು ಮೊದಲು ಆನ್‌ಲೈನಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಾರೆ, ಓದುಗರು ಕೂಡಿದ ಮೇಲೆ ಮುಂಗಡ ಹಣ ತೆಗೆದುಕೊಂಡು ಅಚ್ಚು ಹಾಕಿಸುತ್ತಾರೆ. ನಮಗೂ ಪ್ರಕಟಣಾಪೂರ್ವ ರಿಯಾಯಿತಿ ಹೊಸದಲ್ಲ, ನಿಘಂಟಿಗೂ ಸಮಗ್ರ ಸಂಪುಟಕ್ಕೂ ಮಾಡಿದ್ದೇವಲ್ಲ. ಅಮೆಜಾನಿನ ಇ-ಪುಸ್ತಕದ ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡವನ್ನು ಬಿಟ್ಟಿತು, ಆದರೆ ಯಾರು ಬೇಕಾದರೂ ಕಥೆ ಹಾಕಬಹುದಾದ ಪ್ರತಿಲಿಪಿ ಆ್ಯಪಿನಲ್ಲಿ ಕನ್ನಡ ಇದೆ, ಅಲ್ಲಿ ಕಾವ್ಯನಾಮದಲ್ಲೇ ಧಾರಾವಾಹಿ ಬರೆಯಬಹುದು. ತೊಡಕು ಬರೋದು ಅಚ್ಚಿಗೆ ಹೋದಾಗ. ಮುಂಗಡ ಹಣವನ್ನು ಯುಪಿಐನಲ್ಲಿ ತೆಗೆದುಕೊಂಡರೆ ಕಳಿಸುವವರ ಫೋನಿನಲ್ಲಿ ಬ್ಯಾಂಕ್ ಖಾತೆಯಲ್ಲಿರುವ ನಿಜ ಹೆಸರೇ ಮೂಡುತ್ತೆ, ಕಾವ್ಯನಾಮ ಅಲ್ಲಿಗೆ ಮುಗೀತು. ತುಮಕೂರಿನಲ್ಲೇ ಕೂತು ಬರೆಯುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದಲೇ ಹಣ ತನ್ನ ಹೆಸರಲ್ಲಿ ತೆಗೆದುಕೊಂಡು, ಬರೆದವನ ಹೆಸರು ಬಾಯಿಬಿಡದೆ, ಮುನ್ನೂರೋ ಐನೂರೋ ಪ್ರತಿ ಅಚ್ಚು ಹಾಕುವ ಒಬ್ಬ ಸಣ್ಣ ಪ್ರಕಾಶಕ ಬೇಕು. ಕೊನೇ ಅಧ್ಯಾಯಕ್ಕೆ ಕೈ ಹಾಕದವನು.