ಅಸಹಕಾರಕ್ಕೊಂದು ಅಪ್ಪಣೆ ಚೀಟಿ

ಆಗಸ್ಟ್ 15 ಬಂತೆಂದರೆ ನಮ್ಮ ನಾಯಕರಿಗೆ ಕಾನೂನು ಮುರಿದವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಅಂಕೋಲಾದಲ್ಲಿ ಉಪ್ಪು ಮಾಡಿದವರಿಗೆ ಹಾರ, ಸಿದ್ದಾಪುರದಲ್ಲಿ ಕರ ಕಟ್ಟದೆ ಕೂತವರಿಗೆ ಜೈಕಾರ. ಷರತ್ತು ಒಂದೇ. ಮುರಿದದ್ದು 1947ಕ್ಕೆ ಮುಂಚೆ ಆಗಿರಬೇಕು.

ಮದ್ದೂರಿನ ಶಿವಪುರವನ್ನೇ ನೋಡಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಸರ್ಕಾರದ ಆಜ್ಞೆಯಾಯಿತು. ಟಿ. ಸಿದ್ದಲಿಂಗಯ್ಯನವರು ಕೇಳಲಿಲ್ಲ, ಪೊಲೀಸರು ಹಿಡಿದರು. ಆಜ್ಞೆ ಮುರಿದ ಜಾಗದಲ್ಲಿ ಈಗ ಸತ್ಯಾಗ್ರಹ ಸೌಧವೇ ಇದೆ.

ಅದೇ ಕೆಲಸಕ್ಕೆ ಇವತ್ತು ಬೆಂಗಳೂರಿನಲ್ಲಿ ಲೈಸೆನ್ಸ್ ಬೇಕು. 2021ರ ಆದೇಶದ ಪ್ರಕಾರ ಪ್ರತಿಭಟನೆಗೆ ಪೊಲೀಸರ ಅನುಮತಿ ಕಡ್ಡಾಯ, ಜಾಗ ಫ್ರೀಡಂ ಪಾರ್ಕ್ ಮಾತ್ರ. ಬೇರೆ ಕಡೆ ಕೂತರೆ ಟ್ರಾಫಿಕ್ ಜಾಮ್ ಆಗುತ್ತದಂತೆ. ಪ್ರತಿಭಟನೆ ಇಲ್ಲದ ದಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ, ಅಲ್ವಾ?

ಈ ಫ್ರೀಡಂ ಪಾರ್ಕ್ ಅಂದರೆ ಹಳೇ ಸೆಂಟ್ರಲ್ ಜೈಲು. ಕೈದಿಗಳ ಮೇಲೆ ಕಣ್ಣಿಡುತ್ತಿದ್ದ ಕಾವಲು ಗೋಪುರ ಇನ್ನೂ ನಡುವೆ ನಿಂತಿದೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಎಚ್.ಎಸ್. ದೊರೆಸ್ವಾಮಿಯವರು 14 ತಿಂಗಳು ಜೈಲಿನಲ್ಲಿ ಕಳೆದರು. ಪಾಪ, ಆ ಕಾಲದವರಿಗೆ ಸುತ್ತುದಾರಿ ಜಾಸ್ತಿ. ಮೊದಲು ಚಳವಳಿ, ಆಮೇಲೆ ಬಂಧನ, ಆಮೇಲೆ ಕೋರ್ಟು, ಕೊನೆಗೆ ಜೈಲು. ನಮಗೆ ಅದೆಲ್ಲ ಇಲ್ಲ. ನೇರವಾಗಿ ಜೈಲಿಗೇ ಹೋಗಿ ಚಳವಳಿ ಮಾಡಿ ಬರಬಹುದು.

ಒಳಗಿನ ವ್ಯವಸ್ಥೆಯೂ ಚೆನ್ನಾಗಿದೆ. ಈ ಶಾಮಿಯಾನದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಪಕ್ಕದ ಶಾಮಿಯಾನದಲ್ಲಿ ರೈತರು. ಇವರ ಮೈಕಿನ ಘೋಷಣೆ ಅವರಿಗೆ, ಅವರದ್ದು ಇವರಿಗೆ. ಕೇಳಿಸಿಕೊಳ್ಳಬೇಕಾದವರು ವಿಧಾನಸೌಧದಲ್ಲಿ. ಸಂಜೆ ಹೊತ್ತಿಗೆ ಮಂತ್ರಿಗಳ ಕಡೆಯವರು ಬಂದು ಮನವಿ ಪತ್ರ ತೆಗೆದುಕೊಂಡು, ಫೋಟೋಗೆ ನಿಂತು, ‘ಗಮನಕ್ಕೆ ತರುತ್ತೇವೆ’ ಎಂದು ಕಾರು ಹತ್ತುತ್ತಾರೆ. ದೂರದ ಊರಿಂದ ಬಂದ ಹೆಂಗಸರು ಚಾಪೆ ಬಿಡಿಸುತ್ತಾರೆ. ಇಷ್ಟು ಸೊಗಸಾಗಿ ಯಾರಿಗೂ ತೊಂದರೆ ಕೊಡದ ಚಳವಳಿ ಬ್ರಿಟಿಷರಿಗೆ ಸಿಕ್ಕಿದ್ದರೆ ಅವರು ಇನ್ನೂ ಇಲ್ಲೇ ಇರುತ್ತಿದ್ದರು.

ಸರ್ಕಾರದ ಪರ ವಾದಿಸುವವರು ಹೇಳಬಹುದು, ಗಾಂಧೀಜಿ ಕೂಡ ಮೊದಲೇ ಪತ್ರ ಬರೆದಿದ್ದರಲ್ಲ ಅಂತ. ನಿಜ, ದಂಡಿಗೆ ಹೊರಡುವ ಮುಂಚೆ, 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಬರೆದರು. ಆದರೆ ಅದರಲ್ಲಿ ‘ದಯವಿಟ್ಟು ಅನುಮತಿ ಕೊಡಬೇಕಾಗಿ ಪ್ರಾರ್ಥನೆ’ ಇರಲಿಲ್ಲ. ನೀವು ದಾರಿಗೆ ಬರದಿದ್ದರೆ ಇಂಥ ದಿನ ಉಪ್ಪಿನ ಕಾನೂನು ಮುರಿಯಲು ಹೊರಡುತ್ತೇನೆ ಅಂತ ಇತ್ತು. ಇರ್ವಿನ್ ವಿಷಾದ ತಿಳಿಸಿದರು. ಮುದುಕ ಮಾರ್ಚ್ 12ಕ್ಕೆ 78 ಜನರ ಜೊತೆ ನಡೆಯಲು ಶುರು ಮಾಡಿದರು. ಅವರಲ್ಲಿ ನಮ್ಮ ಮೈಲಾರ ಮಹಾದೇವಪ್ಪನವರೂ ಇದ್ದರು. ಸದ್ಯ, ಆ ದಾರಿಯಲ್ಲಿ ಸಿಲ್ಕ್ ಬೋರ್ಡ್ ಇರಲಿಲ್ಲ.

ನಾವೇನೋ ಅರ್ಜಿ ಹಾಕಿಯೇ ಕೂರುವವರು. ಯಾರು, ಯಾಕೆ, ಎಷ್ಟು ಜನ, ಎಲ್ಲಾ ಬರೆದುಕೊಡೋಣ. ಒಂದೇ ಒಂದು ಅನುಮಾನ. ಅರ್ಜಿಯಲ್ಲಿ ‘ಮುಗಿಯುವ ಸಮಯ’ ಅಂತ ಕೇಳಿದರೆ ಆಮರಣಾಂತ ಉಪವಾಸ ಕೂರುವವರು ಏನು ಬರೆಯಬೇಕು?