ಸೇದುತ್ತಿದ್ದರೇ?

ಇವತ್ತು ಮತ್ತೆ ಅದೇ ಪ್ರಶ್ನೆ. ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರು ಅತ್ತೆಯ ಕಾಯಿಲೆ ಏನೆಂದು ವಿಚಾರಿಸಿದರು. ‘ಮೆಸೊಥೆಲಿಯೋಮಾ, ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್’ ಎಂದೆ. ತಕ್ಷಣವೇ, ‘ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೇ?’

ಸೇದುತ್ತಿದ್ದೆ ಸ್ವಾಮಿ, ನಾನೇ. ನಿಮಗೆಲ್ಲ ಗೊತ್ತು, ನನ್ನನ್ನು ಸಾಕಿದವರು ಅತ್ತೆ. ವರದಿ ಬಂದ ದಿನದಿಂದ ಎಷ್ಟೋ ರಾತ್ರಿ ‘ನನ್ನಿಂದಲೇ ಆಯಿತು’ ಎಂದು ನಿದ್ದೆಗೆಟ್ಟಿದ್ದೇನೆ. ಆಮೇಲೆ ತಿಳಿಯಿತು: ಈ ಕಾಯಿಲೆಗೂ ಸಿಗರೇಟಿಗೂ ಸಂಬಂಧವಿಲ್ಲ. ಇದರ ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ.

ಮಾವನ ಕೆಲಸ ಬಾಯ್ಲರ್‌ಗಳಿಗೆ ಕಲ್ನಾರಿನ ಹೊದಿಕೆ ಸುತ್ತುವುದು. ಸಂಜೆ ಅವರ ಬಟ್ಟೆಯನ್ನು ಕೊಡವಿ ಒಗೆಯುತ್ತಿದ್ದವರು ಅತ್ತೆ. ಅದಕ್ಕಂಟಿದ, ಕಣ್ಣಿಗೆ ಕಾಣದ ಕಲ್ನಾರಿನ ಎಳೆಗಳು ಉಸಿರಿನೊಂದಿಗೆ ಒಳಗೆ ಹೋದರೆ ಕರಗುವುದಿಲ್ಲ, ಪೂರ್ತಿ ಹೊರಗೂ ಬರುವುದಿಲ್ಲ. 20, 30, 40 ವರ್ಷ ಸುಮ್ಮನೆ ಕುಳಿತಿರುತ್ತವೆ. ಮಾವ ಹೋಗಿ ಎಷ್ಟು ಕಾಲವಾಯಿತು!

ಇದು ಹೊಸ ಸಂಗತಿಯೂ ಅಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಇದೇ ಕಾಯಿಲೆಯ 33 ರೋಗಿಗಳ ವರದಿ ಬಂತು. ಅವರಲ್ಲಿ ಕಲ್ನಾರಿನ ಗಣಿಯ ಆಸುಪಾಸಿನಲ್ಲಿ ಬಾಳಿದ್ದಷ್ಟೇ ತಪ್ಪು ಎಂಬಂಥವರೂ ಇದ್ದರು. 1965ರ ಲಂಡನ್ ಅಧ್ಯಯನದಲ್ಲಿ ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯರೂ ಸಿಕ್ಕರು. ಆದರೂ ಅತ್ತೆಯ ಎದೆಯಿಂದ ಎರಡು ಸಲ ನೀರು ತೆಗೆದವರಲ್ಲಿ ಒಬ್ಬರೂ ‘ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಿದ್ದರು?’ ಎಂದು ಕೇಳಲಿಲ್ಲ. ಸೇದುತ್ತಿದ್ದರೇ ಎಂದು ಮಾತ್ರ ಎಲ್ಲರೂ ಕೇಳಿದರು.

ಶ್ವಾಸಕೋಶದ ಕ್ಯಾನ್ಸರ್‌ಗೆ ಬಹುಪಾಲು ತಂಬಾಕೇ ಕಾರಣ, ಕೇಳಿದರೆ ತಪ್ಪೇನು ಎನ್ನುತ್ತೀರಿ. ಒಪ್ಪಿದೆ. ಕಲ್ನಾರಿನ ಜೊತೆ ಸಿಗರೇಟೂ ಸೇರಿದರೆ ಆ ಕ್ಯಾನ್ಸರ್‌ನ ಅಪಾಯ ಹಲವು ಪಟ್ಟು ಏರುತ್ತದೆ ಎಂಬುದೂ ನಿಜ. ಆದರೆ ಅದು ಶ್ವಾಸಕೋಶದ್ದು, ಇದು ಅದರ ಪೊರೆಯದ್ದು. ಅಲ್ಲದೆ, ಕೇಳುವವರ ದನಿಯಲ್ಲಿ ಕಾಳಜಿಗಿಂತ ಸಮಾಧಾನವೇ ಹೆಚ್ಚು: ಸೇದಿದವರಿಗೆ ಬಂತು, ನಮಗೆ ಬರುವುದಿಲ್ಲ. ಬಟ್ಟೆ ಒಗೆದವರಿಗೂ ಬರುತ್ತದೆ ಎಂದರೆ ಆ ಸಮಾಧಾನ ಎಲ್ಲಿ ಉಳಿಯಬೇಕು, ಪಾಪ!

ಇಷ್ಟೆಲ್ಲ ಕೂಗಾಡುವ ನಾನು ಅತ್ತೆಗೆ ಮಾತ್ರ ಬಟ್ಟೆಯ ವಿಷಯ ಹೇಳಿಲ್ಲ. ಮಾವನ ಅಂಗಿಯೊಂದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ‘ಎಲ್ಲ ನಿನ್ನ ಸಿಗರೇಟಿನಿಂದಲೇ ಕಣೋ’ ಎಂದು ದಿನವೂ ಬೈಯುತ್ತಾರೆ. ಹೌದತ್ತೆ ಎನ್ನುತ್ತೇನೆ.