ಒಂದು ಟಿಕ್ ಮಾರ್ಕು, 416 ಅಸಿಂಧು ಮತ

ಕಾಸರಗೋಡಿನ ಕನ್ನಡಿಗರನ್ನು ಇಷ್ಟು ಚೆಂದಕ್ಕೆ ಇಕ್ಕಟ್ಟಿಗೆ ಸಿಕ್ಕಿಸಿದ ಚುನಾವಣೆ ಬೇರೆ ಇಲ್ಲ ಮಾರಾಯ್ರೆ. 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷಗಿರಿಗೆ ನಿಂತವರು ಇಬ್ಬರು. ಕಲಬುರಗಿಯ ಖರ್ಗೆ, ತಿರುವನಂತಪುರದ ಸಂಸದ ತರೂರ್. ನಮ್ಮ ಭಾಷೆ ಅತ್ತ, ರೇಷನ್ ಕಾರ್ಡು ಇತ್ತ. ಯಾರ ಪರ ನಿಲ್ಲುವುದು?

ನಮ್ಮ ತಲೆಬಿಸಿಯನ್ನು ಕೇರಳದ ನಾಯಕರೇ ಇಳಿಸಿದರು. ಪದಾಧಿಕಾರಿಗಳು ಪ್ರಚಾರ ಮಾಡಬಾರದು ಅಂತ ನಿಯಮ ಇತ್ತು. ಇದ್ದರೆ ಎಂತ? ಇಲ್ಲಿನ ಆಗಿನ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸುಧಾಕರನ್ ತಮ್ಮ ಬೆಂಬಲ ಖರ್ಗೆಗೆ ಎಂದು ಬಹಿರಂಗವಾಗಿಯೇ ಹೇಳಿದರು. ಚಂದ್ರಗಿರಿ ಹೊಳೆಯ ಬಡಗಿನ ಊರುಗಳನ್ನು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಿಸಿ ಎಂದು ಗಡಿ ವಿವಾದದ ಮಹಾಜನ್ ಆಯೋಗ 1967ರಲ್ಲೇ ಹೇಳಿತ್ತು, ಕೇರಳ ಇವತ್ತಿನವರೆಗೆ ಒಂದು ಗೇಣು ಬಿಟ್ಟುಕೊಡಲಿಲ್ಲ. ಅಧ್ಯಕ್ಷರ ಕುರ್ಚಿಯನ್ನು ಮಾತ್ರ ಕರ್ನಾಟಕ ಕೇಳುವ ಮೊದಲೇ ಎತ್ತಿ ಕೊಟ್ಟಿತು. ಎಂಥ ದೊಡ್ಡ ಮನಸ್ಸು!

ಹೈಕಮಾಂಡ್ ತಟಸ್ಥ, ಅಧಿಕೃತ ಅಭ್ಯರ್ಥಿ ಅಂತ ಯಾರೂ ಇಲ್ಲ ಎಂದು ದಿನಾ ಹೇಳುತ್ತಿದ್ದರು. ಆ ಅಧಿಕೃತವಲ್ಲದ ಜಾಗಕ್ಕೆ ಮೊದಲು ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಗೆಹ್ಲೋಟ್ ಹೆಸರಿತ್ತು, ಜೈಪುರದಲ್ಲಿ ಅವರ ಶಾಸಕರು ಗಲಾಟೆ ಎಬ್ಬಿಸಿದರು, ಅದು ಹೋಯಿತು. ದಿಗ್ವಿಜಯ ಸಿಂಗ್ ಫಾರಂ ತಗೊಂಡರು, ಸಲ್ಲಿಸಲಿಲ್ಲ. ಜಾರ್ಖಂಡಿನ ತ್ರಿಪಾಠಿಯವರ ನಾಮಪತ್ರ ಸಹಿಯ ತಕರಾರಿನಲ್ಲಿ ಬಿದ್ದುಹೋಯಿತು. ಕೊನೆಗೆ ಖರ್ಗೆ ಬಂದರು. ತಟಸ್ಥವಾಗಿ.

ತರೂರ್‌ಗೆ ಕೊಟ್ಟ ಮತದಾರರ ಪಟ್ಟಿಯಲ್ಲಿ ತುಂಬಾ ಹೆಸರುಗಳ ಮುಂದೆ ಫೋನ್ ನಂಬರೇ ಇರಲಿಲ್ಲವಂತೆ. ಇನ್ನು ರಾಜ್ಯಗಳಿಗೆ ಹೋದರೆ, ಖರ್ಗೆಯನ್ನು ಬಾಗಿಲಲ್ಲೇ ನಿಂತು ಬರಮಾಡಿಕೊಂಡ ನಾಯಕರು ಇವರು ಬರುವಾಗ ಊರಲ್ಲೇ ಇಲ್ಲ! ಯಕ್ಷಗಾನದ ಗದಾಯುದ್ಧ ಪ್ರಸಂಗದಲ್ಲಿ ಕೌರವ ಸೋಲುತ್ತಾನೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು, ಆದರೂ ಬೆಳಗಿನ ಜಾವದ ತನಕ ಕೂತು ನೋಡುತ್ತೇವೆ. ಯಾಕೆಂದರೆ ಸಾಯುವ ಮೊದಲು ಕೌರವನಿಗೆ ಹೊಟ್ಟೆ ತುಂಬ ಮಾತಾಡಲಿಕ್ಕೆ ಬಿಡುತ್ತಾರೆ. ಭಾಗವತರು ಎದ್ದು ಹೋಗುವುದಿಲ್ಲ.

ಈಗ ಟಿಕ್ ಮಾರ್ಕಿನ ವಿಷಯ. ಮೊದಲು, ಬೇಕಾದವರ ಹೆಸರಿನ ಮುಂದೆ 1 ಅಂತ ಬರೆಯಿರಿ ಎಂದರು. ಮತಪತ್ರದಲ್ಲಿ ಮೊದಲ ಹೆಸರೇ ಖರ್ಗೆಯವರದು, ಜನ ಗೊಂದಲ ಮಾಡಿಕೊಳ್ಳುತ್ತಾರೆ ಎಂದು ತರೂರ್ ಕಡೆಯವರು ತಕರಾರು ತೆಗೆದ ಮೇಲೆ ಬರೀ ಟಿಕ್ ಸಾಕು ಅಂತಾಯಿತು. ಇರುವುದು ಎರಡೇ ಹೆಸರು. ಹಾಕುವುದು ಒಂದೇ ಟಿಕ್. ಹಾಕುವವರು ಸುಮ್ನೆ ದಾರಿಯಲ್ಲಿ ಹೋಗುವವರಲ್ಲ, ಕ್ಯೂಆರ್ ಕೋಡಿನ ಗುರುತಿನ ಚೀಟಿ ಇರುವ, ದೇಶಕ್ಕೆ ದಾರಿ ತೋರಿಸುವ ಪಕ್ಷದ ಪ್ರತಿನಿಧಿಗಳು. ಖರ್ಗೆಗೆ 7,897, ತರೂರ್‌ಗೆ 1,072, ಅಸಿಂಧು 416!

ನಾನು ನಗಲಿಕ್ಕೆ ಹೊರಟಿದ್ದೆ, ಆಗಲಿಲ್ಲ. ನಮ್ಮ ಕಡೆ ಮಲಯಾಳದ ಒಂದಕ್ಷರ ಗೊತ್ತಿಲ್ಲದ ಅಜ್ಜಿಯಂದಿರು ಪಿಂಚಣಿಗೆ ಮಲಯಾಳ ಫಾರಂ ಹಿಡಿದು ಜೆರಾಕ್ಸ್ ಅಂಗಡಿಯ ಹುಡುಗನ ಮುಂದೆ ನಿಂತಿರುತ್ತಾರೆ. ಅವನು ಮಗನ ಹೆಸರಿನ ಕಾಲಮ್ಮಿನಲ್ಲಿ ಗಂಡನ ಹೆಸರು ಬರೆದ ಅಂತಿಟ್ಟುಕೊಳ್ಳಿ. ಕಿಟಕಿಯ ಆಚೆಯಿಂದ ಫಾರಂ ಹಾಗೇ ವಾಪಸ್ಸು. ಮತ್ತೆ ಬಸ್ಸು, ಮತ್ತೆ ಸಾಲು. ಹುಡುಗನ ತಪ್ಪಿಗೂ ಅಜ್ಜಿಯೇ ಅಲೆಯಬೇಕು. ಟಿಕ್ ಹಾಕಲಿಕ್ಕೆ ಬಾರದವರು ಮಾತ್ರ ಮರುದಿನ ಬಿಳಿ ಅಂಗಿ ಹಾಕಿ ನಮಗೇ ಪ್ರಜಾಪ್ರಭುತ್ವದ ಪಾಠ ಹೇಳುತ್ತಾರೆ. ಸಾಕಾಗಿದೆ, ನಿಜವಾಗಿ ಸಾಕಾಗಿದೆ.

ಫಲಿತಾಂಶದ ದಿನ, ಅಕ್ಟೋಬರ್ 19ಕ್ಕೆ, ರಾಹುಲ್ ಗಾಂಧಿ ಆಂಧ್ರದ ಆದೋನಿಯಲ್ಲಿದ್ದರು. ಅದೂ ನಮ್ಮ ಹಾಗೇ ಗಡಿಯ ಊರು, ಕನ್ನಡ ಕೇಳಿಸುವ ಜಾಗ. ಪಕ್ಷದಲ್ಲಿ ನಿಮ್ಮ ಪಾತ್ರ ಏನು ಅಂತ ಪತ್ರಕರ್ತರು ಕೇಳಿದರೆ, ಅದನ್ನು ಖರ್ಗೆಯವರು ತೀರ್ಮಾನಿಸುತ್ತಾರೆ ಎಂದರು. ಅಧಿಕೃತ ಘೋಷಣೆ ಇನ್ನೂ ಆಗಿರಲಿಲ್ಲ. ಇರಲಿ, 2000ದಲ್ಲಿ ಇದೇ ಕುರ್ಚಿಗೆ ಸೋನಿಯಾ ಗಾಂಧಿಯವರ ಎದುರು ಜಿತೇಂದ್ರ ಪ್ರಸಾದರಿಗೆ ಸಿಕ್ಕಿದ್ದು 94 ಮತ. ಆ ಲೆಕ್ಕದಲ್ಲಿ ಒಂದು ಸಾವಿರ ದಾಟಿದ ತರೂರ್ ಗೆದ್ದ ಹಾಗೇ ಅಲ್ವಾ?

ಬದಿಯಡ್ಕ ಕಡೆಯ ಹಳೇ ಕಾರ್ಯಕರ್ತರೊಬ್ಬರಿದ್ದಾರೆ. ಗೋಂದಿನ ಬಕೆಟ್ ಹಿಡಿದು ಪೋಸ್ಟರ್ ಅಂಟಿಸಿಯೇ ಕೂದಲು ಬೆಳ್ಳಗಾದದ್ದು. "ನಿಮ್ಮ ಓಟು ಯಾರಿಗೆ ಅಣ್ಣಾ?" ಅಂತ ಕೇಳಿದೆ. "ನಮಗೆಲ್ಲಿಂದ ಓಟು ಮಾರಾಯಾ, ನಮಗೆ ಗೋಂದು" ಎಂದರು. ಮುಖದಲ್ಲಿ ಬೇಜಾರು ಕೂಡ ಇಲ್ಲ.

ಹಾಗಂತ ಬೇರೆ ಪಕ್ಷದವರು ಹಲ್ಲು ಕಿಸಿಯುವುದು ಬೇಡ. ಪಕ್ಕದ ಕಣ್ಣೂರಿನಲ್ಲೇ ಅದೇ 2022ರ ಏಪ್ರಿಲ್‌ನಲ್ಲಿ ಸಿಪಿಎಂ ಮಹಾಧಿವೇಶನ ನಡೆದು ಯೆಚೂರಿ ಮೂರನೇ ಸಲ ಪ್ರಧಾನ ಕಾರ್ಯದರ್ಶಿ ಆದರು. ಎದುರಾಳಿ ಯಾರು ಅಂತ ಕೇಳುವ ಕ್ರಮ ಅಲ್ಲಿಲ್ಲ. ಬಿಜೆಪಿಯದು ಇನ್ನೂ ಅಚ್ಚುಕಟ್ಟು. 2020ರಲ್ಲಿ ನಡ್ಡಾ ಅವಿರೋಧ ಆಯ್ಕೆಯಾದರು, ಒಂದೇ ಒಂದು ಮತವೂ ಅಸಿಂಧುವಾಗಲಿಲ್ಲ. ಮತವೇ ಇರಲಿಲ್ಲವಲ್ಲ.